ಸರ್ಟಿಫಿಕೇಟಿನ ಆದಾಯ ಮತ್ತು ಮನೆಯ ಆದಾಯ

ಮಾನ್ಯ ಸಂಪಾದಕರೇ,

ದೇಶದ ಕುಟುಂಬಗಳ ಆದಾಯವನ್ನು ನೇರವಾಗಿ ಕೇಳಿ ದಾಖಲಿಸುವ ಸಮೀಕ್ಷೆಯನ್ನು 2026ರ ಫೆಬ್ರುವರಿಯಿಂದ ಆರಂಭಿಸುವುದಾಗಿ ಕೇಂದ್ರದ ಸಾಂಖ್ಯಿಕ ಸಚಿವಾಲಯ ಪ್ರಕಟಿಸಿದೆ. ಇಷ್ಟು ವರ್ಷ ಯಾರೂ ಇದನ್ನು ಕೇಳಿರಲೇ ಇಲ್ಲವೇ ಎಂದು ಹಲವರು ಆಶ್ಚರ್ಯಪಡುತ್ತಿದ್ದಾರೆ. ಕೇಳುವ ಪ್ರಯತ್ನಗಳು ನಡೆದಿದ್ದವು. 1950 ಮತ್ತು 60ರ ದಶಕಗಳಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕೆಲವು ಸುತ್ತುಗಳಲ್ಲಿ, ಬಳಿಕ 80ರ ದಶಕದಲ್ಲಿ ಪ್ರಾಯೋಗಿಕವಾಗಿ ಆದಾಯದ ಪ್ರಶ್ನೆಗಳನ್ನು ಕೇಳಲಾಗಿತ್ತು. ಆದರೆ ಜನ ಹೇಳಿದ ಆದಾಯವು ಅವರ ಖರ್ಚು ಮತ್ತು ಉಳಿತಾಯಗಳ ಮೊತ್ತಕ್ಕಿಂತ ಕಡಿಮೆ ಬರುತ್ತಿದ್ದುದರಿಂದ ಆ ಕೆಲಸವನ್ನು ಕೈಬಿಡಲಾಯಿತು. ಅಂದಿನಿಂದ ನಾವು ಜನರ ಖರ್ಚನ್ನು ನೋಡಿಯೇ ಅವರ ಬಡತನವನ್ನು ಅಂದಾಜು ಮಾಡುತ್ತ ಬಂದಿದ್ದೇವೆ. ಈಗಿನ ಸಮೀಕ್ಷೆಗೆ ಮುನ್ನ ನಡೆಸಿದ ಪೂರ್ವಪರೀಕ್ಷೆಯಲ್ಲಿಯೂ ಶೇ 95ರಷ್ಟು ಮಂದಿ ಇವು ಸೂಕ್ಷ್ಮವಾದ ಪ್ರಶ್ನೆಗಳು ಎಂದರೆಂದು ಸಚಿವಾಲಯವೇ ಹೇಳಿಕೊಂಡಿದೆ. ಜನ ಸುಳ್ಳು ಹೇಳುತ್ತಾರೆ ಎಂದು ಇದನ್ನು ಸುಲಭವಾಗಿ ಓದಿಬಿಡಬಹುದು. ಕರ್ನಾಟಕದ ಮಟ್ಟಿಗಾದರೂ ಆ ಓದು ಸರಿಯಲ್ಲವೆಂಬುದು ನನ್ನ ಅನಿಸಿಕೆ. ಮನೆಯ ಆದಾಯವನ್ನು ಇದ್ದಂತೆ ಹೇಳಿದ ಬಡವನಿಗೆ ನಷ್ಟವಾಗುವ ವ್ಯವಸ್ಥೆಯನ್ನು ಕಟ್ಟಿದ್ದು ನಮ್ಮ ಸರ್ಕಾರಿ ಕಚೇರಿಗಳೇ.

2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ನಾನೂ ಒಬ್ಬ ಗಣತಿದಾರನಾಗಿದ್ದೆ. ದಸರಾ ರಜೆಯಲ್ಲಿ ಮೊಬೈಲ್ ಆ್ಯಪ್ ಹಿಡಿದು, ವಿದ್ಯುತ್ ಮೀಟರ್ ರೀಡರುಗಳು ಬಾಗಿಲಿಗೆ ಅಂಟಿಸಿ ಹೋಗಿದ್ದ ಸ್ಟಿಕರುಗಳನ್ನು ಹುಡುಕುತ್ತ ತಿರುಗಿದ ಸಾವಿರಾರು ಶಿಕ್ಷಕರಲ್ಲಿ ನಾನೂ ಸೇರಿದ್ದೇನೆ. ಅದೇ ದಿನಗಳಲ್ಲಿ ಭೀಮಾ ನದಿ ಉಕ್ಕಿ ನಮ್ಮ ಭಾಗದ ತೊಗರಿ, ಹತ್ತಿ ಹೊಲಗಳು ನೀರಿನಲ್ಲಿ ನಿಂತಿದ್ದವು. ಅರವತ್ತು ಪ್ರಶ್ನೆಗಳ ಪೈಕಿ ಜಾತಿಯ ಕಾಲಮ್ಮಿನ ಬಗ್ಗೆ ರಾಜ್ಯವಿಡೀ ಚರ್ಚೆಯಾಯಿತು. ಆದಾಯದ ಕಾಲಮ್ಮಿನ ಬಗ್ಗೆ ಯಾರೂ ಮಾತಾಡಲಿಲ್ಲ. ಮನೆಗಳ ಕಟ್ಟೆಯ ಮೇಲೆ ಕುಳಿತು ನಾನು ಆ ಪ್ರಶ್ನೆಗೆ ಬಂದಾಗಲೆಲ್ಲ ಹೆಚ್ಚುಕಡಿಮೆ ಒಂದೇ ಉತ್ತರ ಸಿಗುತ್ತಿತ್ತು: ‘ಸರ್ಟಿಫಿಕೇಟಿನ್ಯಾಗ ಎಷ್ಟದ ಅಷ್ಟೇ ಬರ್ಕೋರಿ ಸರ.’ ಒಳಗಿನಿಂದ ಪ್ಲಾಸ್ಟಿಕ್ ಚೀಲವೊಂದು ಬರುತ್ತಿತ್ತು. ಅದರಲ್ಲಿ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕುಗಳ ಜೊತೆಗೆ ನಾಡಕಚೇರಿಯಲ್ಲಿ ಮಾಡಿಸಿದ ಆದಾಯ ಪ್ರಮಾಣಪತ್ರ ಇರುತ್ತಿತ್ತು. ಅದರಲ್ಲಿ ವಾರ್ಷಿಕ ಆದಾಯ ಹನ್ನೊಂದು ಸಾವಿರ, ಹನ್ನೆರಡು ಸಾವಿರ ಎಂದು ನಮೂದಾಗಿರುತ್ತಿತ್ತು. ತಿಂಗಳಿಗೆ ಸಾವಿರ ರೂಪಾಯಿಯಲ್ಲಿ ಐದಾರು ಜನರ ಸಂಸಾರ ನಡೆಯುವುದಿಲ್ಲ ಎಂಬುದು ವರದಿ ಕೊಡುವ ಗ್ರಾಮ ಆಡಳಿತ ಅಧಿಕಾರಿಗೂ ಸಹಿ ಮಾಡುವವರಿಗೂ ಅರ್ಜಿದಾರನಿಗೂ ಗೊತ್ತು. ಆದರೂ ಆ ಅಂಕಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ.

ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ. ರಾಜ್ಯದಲ್ಲಿ ಬಿಪಿಎಲ್ ಪಡಿತರ ಚೀಟಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ನಿಗದಿಯಾದ ದಿನಗೂಲಿ 370 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಇದೇ ಕೂಲಿಗೆ ವರ್ಷದಲ್ಲಿ ತಲಾ 163 ದಿನ ದುಡಿದರೆ ಅವರ ಗಳಿಕೆ 1,20,620 ರೂಪಾಯಿಯಾಗುತ್ತದೆ. ಅಂದರೆ ವರ್ಷದ ಅರ್ಧದಷ್ಟು ದಿನವೂ ಕೆಲಸ ಸಿಗದ, ಸಿಕ್ಕ ದಿನ ಸರ್ಕಾರವೇ ಗೊತ್ತುಮಾಡಿದ ಈ ಕೂಲಿಯನ್ನಷ್ಟೇ ಪಡೆದ ದಂಪತಿ ಸರ್ಕಾರದ ಲೆಕ್ಕದಲ್ಲಿ ಬಡವರಲ್ಲ! ಅವರು ಇದ್ದದ್ದನ್ನು ಇದ್ದಂತೆ ಬರೆಸಿದರೆ ಅಕ್ಕಿಗೂ ಆಸ್ಪತ್ರೆಯ ಉಚಿತ ಚಿಕಿತ್ಸೆಗೂ ಎರವಾಗುತ್ತಾರೆ. 2024ರ ನವೆಂಬರಿನಲ್ಲಿ ಅನರ್ಹರ ಕಾರ್ಡುಗಳನ್ನು ರದ್ದುಪಡಿಸಲು ಹೊರಟಾಗ ಎದ್ದ ಗದ್ದಲ ಮತ್ತು ಬಳಿಕ ಸರ್ಕಾರಿ ನೌಕರರು ಹಾಗೂ ಆದಾಯ ತೆರಿಗೆದಾರರನ್ನು ಬಿಟ್ಟು ಉಳಿದವರ ಕಾರ್ಡು ಮುಟ್ಟುವುದಿಲ್ಲವೆಂದು ಸರ್ಕಾರ ಹಿಂದೆ ಸರಿದದ್ದು ಓದುಗರಿಗೆ ನೆನಪಿರಬಹುದು. ಆಗ ಮಿತಿಯನ್ನು ಪರಿಷ್ಕರಿಸಬೇಕೆಂಬ ಮಾತು ಬಂದು ಹೋಯಿತು, ಮಿತಿ ಮಾತ್ರ ಅಲ್ಲೇ ಉಳಿಯಿತು.

ಇದೇ ಮನೆಗೆ ಇನ್ನೊಂದು ಲೆಕ್ಕವೂ ಇದೆ. ಕಿರುಸಾಲ ಕೊಡುವ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹಾಕಿಕೊಟ್ಟ ನಿಯಮದ ಪ್ರಕಾರ ವಾರ್ಷಿಕ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಟ್ಟ ಸಾಲವೇ ಕಿರುಸಾಲ. ಎಲ್ಲ ಸಾಲಗಳ ತಿಂಗಳ ಕಂತುಗಳು ಸೇರಿ ಕುಟುಂಬದ ಮಾಸಿಕ ಆದಾಯದ ಅರ್ಧವನ್ನು ಮೀರುವಂತಿಲ್ಲ. ನಿಯಮ ಒಳ್ಳೆಯದೇ. ಆದರೆ ಮನೆಯ ಆದಾಯವನ್ನು ಹೆಚ್ಚು ತೋರಿಸಿದಷ್ಟೂ ಹೆಚ್ಚು ಸಾಲ ಕೊಡಲು ದಾರಿಯಾಗುತ್ತದೆ, ಫಾರಂ ತುಂಬುವವರು ಸಾಲ ಕೊಡುವ ಕಡೆಯವರೇ ಆಗಿರುತ್ತಾರೆ. ಹೀಗಾಗಿ ನಾಡಕಚೇರಿಯ ಕಾಗದದಲ್ಲಿ ಹನ್ನೆರಡು ಸಾವಿರ ಆದಾಯವಿರುವ ಮನೆಗೆ ಸಾಲದ ಅರ್ಜಿಯಲ್ಲಿ ಎರಡು ಎರಡೂವರೆ ಲಕ್ಷ ಆದಾಯ ಬಂದಿರುತ್ತದೆ. ಎರಡೂ ಕಾಗದಗಳು ಅದೇ ಪ್ಲಾಸ್ಟಿಕ್ ಚೀಲದಲ್ಲಿರುತ್ತವೆ. ಕಿರುಸಾಲದ ವಸೂಲಾತಿ ಕಿರುಕುಳವನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಗಿ ಬಂತು. ಕಿರುಕುಳ ಕೊಟ್ಟವರನ್ನು ಶಿಕ್ಷಿಸುವುದು ಸರಿ, ಆದರೆ ತೀರಿಸುವ ಶಕ್ತಿಯನ್ನೇ ಅಳೆಯದೆ ಸಾಲ ಕೊಟ್ಟದ್ದಕ್ಕೆ ಆ ಕಾಯ್ದೆಯಲ್ಲಿ ಮದ್ದಿಲ್ಲ.

ಹಾಗಿದ್ದರೆ ಇಂಥ ಮನೆಯ ನಿಜವಾದ ಆದಾಯ ಎಷ್ಟು? ಗುರುತು ಹೇಳದೆ ಒಂದು ಮನೆಯ ಲೆಕ್ಕವನ್ನು ಇಲ್ಲಿಡುತ್ತೇನೆ. ಮೂರು ಎಕರೆ ಒಣಬೇಸಾಯ, ವಯಸ್ಸಾದ ತಾಯಿ, ಮಗ, ಸೊಸೆ, ಶಾಲೆಗೆ ಹೋಗುವ ಮಕ್ಕಳು. ಮಳೆ ಒದಗಿದ, ನೆಟೆ ರೋಗ ಬಾರದ ವರ್ಷ ಎಕರೆಗೆ ಮೂರು ಕ್ವಿಂಟಲ್ ತೊಗರಿ ಎಂದುಕೊಂಡರೆ ಒಂಬತ್ತು ಕ್ವಿಂಟಲ್. 2025-26ರ ಹಂಗಾಮಿಗೆ ಕೇಂದ್ರ ಘೋಷಿಸಿದ 8,000 ರೂಪಾಯಿ ಬೆಂಬಲ ಬೆಲೆಯೇ ಸಿಕ್ಕರೂ 72,000 ರೂಪಾಯಿ. ಅದರಲ್ಲಿ ಬೀಜ, ಗೊಬ್ಬರ, ಔಷಧಿ, ಕಳೆ ತೆಗೆಸಿದ ಕೂಲಿ, ರಾಶಿ ಮಾಡಿದ ಯಂತ್ರದ ಬಾಡಿಗೆ ಕಳೆಯಬೇಕು. ಸಾಮಾನ್ಯವಾಗಿ ಖರೀದಿ ಕೇಂದ್ರ ತೆರೆಯುವವರೆಗೆ ಕಾಯುವ ತಾಕತ್ತಿಲ್ಲದೆ ಅಡತಿ ಅಂಗಡಿಗೆ ಹಾಕಿ, ಮೊದಲೇ ತಂದ ಸಾಲಕ್ಕೆ ಮುರಿಸಿಕೊಂಡು ಬರುತ್ತಾರೆ. ತೊಗರಿ ಮುಗಿದ ಮೇಲೆ ಮಗ ಸೊಸೆ ಗುಳೆ ಹೋಗುತ್ತಾರೆ. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕಟ್ಟಡದ ಕೆಲಸ. ಹೊರಡುವ ಮುನ್ನವೇ ಮೇಸ್ತ್ರಿಯಿಂದ ಮುಂಗಡ ಪಡೆದಿರುವುದರಿಂದ ಮೊದಲ ಕೆಲವು ವಾರಗಳ ದುಡಿಮೆ ಅದಕ್ಕೇ ವಜಾ ಆಗುತ್ತದೆ, ಅಲ್ಲಿಯವರೆಗೆ ವಾರಕ್ಕಿಷ್ಟು ಖರ್ಚಿಗೆಂದು ಕೈಗೆ ಬರುವುದಷ್ಟೇ ಹಣ. ತಾಯಿಗೆ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಬರುತ್ತದೆ. ಪಡಿತರ ಚೀಟಿಯಲ್ಲಿ ಯಜಮಾನಿ ಅವರೇ ಆದ್ದರಿಂದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವರ ಖಾತೆಗೇ ಬೀಳುತ್ತದೆ, ಸೊಸೆಯ ಹೆಸರಲ್ಲಿರುವ ಸಂಘದ ಕಂತು ಅದರಿಂದಲೇ ಹೋಗುತ್ತದೆ. ‘ಇದೂ ಆದಾಯನೇ ಏನ್ರಿ ಸರ?’ ಎಂದು ಆ ತಾಯಿ ನನ್ನನ್ನು ಕೇಳಿದರು. ಆ್ಯಪಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ, ನನ್ನಲ್ಲೂ ಇರಲಿಲ್ಲ. ಗ್ಯಾರಂಟಿಗಳನ್ನು ಬಿಟ್ಟಿ ಭಾಗ್ಯವೆಂದು ಹೀಗಳೆಯುವವರಾಗಲೀ ಬಡತನವನ್ನೇ ಅಳಿಸಿಬಿಟ್ಟವೆಂದು ಹೊಗಳುವವರಾಗಲೀ ಆ ಎರಡು ಸಾವಿರ ಮನೆಯ ಒಟ್ಟು ಗಳಿಕೆಯಲ್ಲಿ ಎಷ್ಟನೇ ಪಾಲು ಎಂಬುದನ್ನು ಲೆಕ್ಕ ಹಾಕಿ ಹೇಳಿದ್ದನ್ನು ನಾನು ಕಂಡಿಲ್ಲ.

ಉದ್ಯೋಗದ ಅಂಕಿಗಳದ್ದೂ ಇದೇ ಪಾಡು. ದೇಶದ ನಿರುದ್ಯೋಗ ಪ್ರಮಾಣ 2023-24ರಲ್ಲಿ ಶೇ 3.2 ಎಂದು ಕಾರ್ಮಿಕ ಬಲ ಸಮೀಕ್ಷೆ ಹೇಳಿತು. ಕರ್ನಾಟಕದ್ದು ಅದಕ್ಕಿಂತಲೂ ಕಡಿಮೆ. ಕಡಿಮೆ ಇರುವುದು ಸಹಜ, ಏಕೆಂದರೆ ಬಡವರಿಗೆ ಕೆಲಸವಿಲ್ಲದೆ ಕೂರುವ ಅನುಕೂಲವೇ ಇಲ್ಲ. ಈ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದವರು ಉದ್ಯೋಗಸ್ಥರು. ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವ ಹೆಣ್ಣುಮಕ್ಕಳೂ ಉದ್ಯೋಗಸ್ಥರೇ. ದೇಶದಲ್ಲಿ ದುಡಿಮೆಯಲ್ಲಿ ತೊಡಗಿದ ಅಥವಾ ದುಡಿಮೆ ಹುಡುಕುತ್ತಿರುವ ಮಹಿಳೆಯರ ಪ್ರಮಾಣ 2017-18ರ ಶೇ 23.3ರಿಂದ 2023-24ರಲ್ಲಿ ಶೇ 41.7ಕ್ಕೆ ಏರಿದ್ದನ್ನು ಸಾಧನೆಯೆಂದು ಹೇಳಲಾಗುತ್ತಿದೆ. ಅವರ ಕೈಗೆ ಎಷ್ಟು ಬಂತೆಂದು ಕೇಳದೆ ಅದು ಸಾಧನೆಯೋ ಸಂಕಟವೋ ಹೇಳಲಾಗದು. ಮಗ ಪದವಿ ಮುಗಿಸಿ ಯುವನಿಧಿಗೆ ಅರ್ಜಿ ಹಾಕಿ ಕೆಲಸ ಹುಡುಕುತ್ತ ಮನೆಯಲ್ಲಿದ್ದರೆ ಆತ ನಿರುದ್ಯೋಗಿ, ಅವನ ತಾಯಿ ದಿನವಿಡೀ ಹೊಲದಲ್ಲಿ ಬಾಗಿ ಪುಕ್ಕಟೆ ದುಡಿದರೆ ಆಕೆ ಉದ್ಯೋಗಸ್ಥೆ. ವ್ಯಾಖ್ಯೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿತವಾದದ್ದೇ ಇರಬಹುದು, ಆದರೆ ನಮ್ಮಂಥ ತಾಲ್ಲೂಕುಗಳಲ್ಲಿ ಅದರಿಂದ ತಿಳಿಯುವುದು ಬಹಳ ಸ್ವಲ್ಪ.

ಇವೆಲ್ಲದರ ಫಲವಾಗಿ ರಾಜ್ಯದ ಬಡತನದ ಬಗ್ಗೆ ಒಂದಕ್ಕೊಂದು ಹೊಂದದ ಚಿತ್ರಗಳು ನಮ್ಮ ಮುಂದಿವೆ. 2024-25ರಲ್ಲಿ ರಾಜ್ಯದ ತಲಾ ಆದಾಯ ಸುಮಾರು 3.8 ಲಕ್ಷ ರೂಪಾಯಿ. ಐದು ಜನರ ಕುಟುಂಬಕ್ಕೆ ಅದನ್ನು ಹಂಚಿದರೆ ವರ್ಷಕ್ಕೆ 19 ಲಕ್ಷ! ನೀತಿ ಆಯೋಗದ ಬಹುಆಯಾಮದ ಬಡತನ ಸೂಚ್ಯಂಕದ ಪ್ರಕಾರ ರಾಜ್ಯದ ಬಡವರ ಪ್ರಮಾಣ 2015-16ರ ಶೇ 12.77ರಿಂದ 2019-21ರಲ್ಲಿ ಶೇ 7.58ಕ್ಕೆ ಇಳಿದಿದೆ. ಆದರೆ ಪಡಿತರ ಚೀಟಿ ಪಡೆದ ಕುಟುಂಬಗಳಲ್ಲಿ ಬಹುಪಾಲು ಅಂತ್ಯೋದಯ ಅಥವಾ ಬಿಪಿಎಲ್‌ನವು. ಮೊದಲನೆಯದರಲ್ಲಿ ಬೆಂಗಳೂರಿನ ಕಂಪನಿಗಳ ಲಾಭವೂ ಸೇರಿದೆ. ಎರಡನೆಯದು ಶೌಚಾಲಯ, ಅಡುಗೆ ಇಂಧನ, ಬ್ಯಾಂಕ್ ಖಾತೆ, ಮಕ್ಕಳ ಶಾಲೆಯಂಥ ಹನ್ನೆರಡು ಅಂಶಗಳನ್ನು ನೋಡುತ್ತದೆ, ದುಡಿಮೆ ಮತ್ತು ಕೂಲಿಯನ್ನು ಕೇಳುವುದಿಲ್ಲ. ಮೂರನೆಯದರ ಕಥೆಯನ್ನು ಮೇಲೆ ಹೇಳಿದ್ದೇನೆ. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯ ಸುಮಾರು ಐದು ಪಟ್ಟು ಎಂಬುದನ್ನು ರಾಜ್ಯದ ಆರ್ಥಿಕ ಸಮೀಕ್ಷೆಗಳು ವರ್ಷವರ್ಷವೂ ಅಚ್ಚು ಹಾಕುತ್ತಿವೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದಿತು. ಅವುಗಳ ಪೈಕಿ ಹೆಚ್ಚಿನವು ನಮ್ಮ ವಿಭಾಗದಲ್ಲೇ ಇದ್ದವು. ಬಳಿಕ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು, ರಸ್ತೆಗಳೂ ಕಟ್ಟಡಗಳೂ ಬಂದವು, ಅವುಗಳಿಂದ ಅನುಕೂಲವೂ ಆಗಿದೆ. ಒಂದು ಕುಟುಂಬದ ಗಳಿಕೆ ಎಷ್ಟು ಹೆಚ್ಚಿತು ಎಂಬುದನ್ನು ಮಾತ್ರ ಯಾರೂ ಅಳೆದಿಲ್ಲ.

2025ರ ಡಿಸೆಂಬರಿನಲ್ಲಿ ಉದ್ಯೋಗ ಖಾತರಿಯ ಜಾಗಕ್ಕೆ ಸಂಸತ್ತು ಹೊಸ ಕಾಯ್ದೆ ತಂದಿದೆ. ದಿನಗಳು 100ರಿಂದ 125ಕ್ಕೆ ಏರಿವೆ. ಜೊತೆಗೆ ವೆಚ್ಚದ ಶೇ 40 ರಾಜ್ಯದ ಮೇಲೆ ಬಿದ್ದಿದೆ, ಬಿತ್ತನೆ ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲೂ ಅವಕಾಶವಿದೆ. ಹಳೆಯ ಕಾಯ್ದೆಯಲ್ಲಿ ನೂರು ದಿನ ಎಂದಿದ್ದರೂ ಕುಟುಂಬಕ್ಕೆ ಸರಾಸರಿ ಸಿಗುತ್ತಿದ್ದುದು 50 ದಿನಗಳ ಆಸುಪಾಸು. ಹೊಸದರಿಂದ ಗುಳೆ ಕಡಿಮೆಯಾಗುತ್ತದೋ ಹೆಚ್ಚುತ್ತದೋ ಎಂಬ ವಾದಕ್ಕೂ ಉತ್ತರ ಸಿಗಬೇಕಾದದ್ದು ಮನೆಗಳ ಆದಾಯದ ಲೆಕ್ಕದಲ್ಲಿಯೇ.

ಆದ್ದರಿಂದ ರಾಜ್ಯ ಸರ್ಕಾರಕ್ಕೆ ನನ್ನ ವಿನಂತಿ ಇಷ್ಟು. ಕೇಂದ್ರದ ಸಮೀಕ್ಷೆಯಿಂದ ಕರ್ನಾಟಕಕ್ಕೆಲ್ಲ ಸೇರಿ ಒಂದು ಸರಾಸರಿ ಬಂದರೆ ಅದರಲ್ಲಿ ಬೆಂಗಳೂರು ನಮ್ಮನ್ನೆಲ್ಲ ಮುಳುಗಿಸಿಬಿಡುತ್ತದೆ. ಕೇಂದ್ರದ ಮಾದರಿ ಸಮೀಕ್ಷೆಗಳ ಜೊತೆಗೆ ರಾಜ್ಯದ ಮಾದರಿಯನ್ನೂ ಸೇರಿಸಿ ಕೆಲಸ ಮಾಡಿದ ಅನುಭವ ನಮ್ಮ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಇದೆ. ಈ ಬಾರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಆ ಮಾದರಿಯನ್ನು ಹಿಗ್ಗಿಸಿ, ಜಿಲ್ಲಾವಾರು ಫಲಿತಾಂಶ ಹೊರಬರುವಂತೆ ಮಾಡಲಿ. ನಾವು ಶಿಕ್ಷಕರು ಸಂಗ್ರಹಿಸಿಕೊಟ್ಟ ಸಮೀಕ್ಷೆಯಲ್ಲಿ ಜಾತಿಯ ಅಂಕಿಗಳ ರಾಜಕೀಯ ಯಾವಾಗ ಇತ್ಯರ್ಥವಾಗುವುದೋ ತಿಳಿಯದು. ಅಲ್ಲಿಯವರೆಗೆ ಕಾಯದೆ ಕಸುಬು, ಸಾಲ, ಜಮೀನಿಗೆ ಸಂಬಂಧಿಸಿದ ಕೋಷ್ಟಕಗಳನ್ನು ಹೆಸರಿಲ್ಲದ ರೂಪದಲ್ಲಿ ತಾಲ್ಲೂಕುವಾರು ಪ್ರಕಟಿಸಲಿ. ಆ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದು ಹೈಕೋರ್ಟ್ ಹೇಳಿರುವುದಕ್ಕೆ ಇದರಿಂದ ಭಂಗವಾಗದು. ಬಿಪಿಎಲ್ ಮಿತಿಯನ್ನು ಕನಿಷ್ಠಪಕ್ಷ ಇಬ್ಬರು ದುಡಿಯುವವರ ಉದ್ಯೋಗ ಖಾತರಿ ಕೂಲಿಗೆ ಜೋಡಿಸಿ, ಆ ಕೂಲಿ ಏರಿದಾಗಲೆಲ್ಲ ತಾನಾಗಿ ಏರುವಂತೆ ಮಾಡಲಿ.

ಸಮೀಕ್ಷೆಗೆ ಕೊಟ್ಟ ಉತ್ತರದಿಂದ ಯಾರ ಕಾರ್ಡೂ ರದ್ದಾಗುವುದಿಲ್ಲ ಎಂಬುದನ್ನು ಸರ್ಕಾರ ಬಾಯಿಮಾತಿನಲ್ಲಿ ಹೇಳಿದರೆ ನಮ್ಮ ಊರುಗಳಲ್ಲಿ ಯಾರೂ ನಂಬುವುದಿಲ್ಲ. 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆಯ ಪ್ರಕಾರ ಹೀಗೆ ಪಡೆದ ಮಾಹಿತಿಯನ್ನು ಅಂಕಿಅಂಶದ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. ಈ ಮಾತನ್ನು ನ್ಯಾಯಬೆಲೆ ಅಂಗಡಿಯ ಬೋರ್ಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು, ಗ್ರಾಮಸಭೆಯಲ್ಲಿ ಓದಿಸಬೇಕು. ಇನ್ನು ಭೇಟಿಯ ಸಮಯ. ಫೆಬ್ರುವರಿಯಲ್ಲಿ ಬರುವ ಕ್ಷೇತ್ರ ಸಿಬ್ಬಂದಿಗೆ ನಮ್ಮ ಅನೇಕ ಊರುಗಳಲ್ಲಿ ಸಿಗುವವರು ಮುದುಕರು, ಮಕ್ಕಳು ಮತ್ತು ಬೀಗ ಹಾಕಿದ ಬಾಗಿಲುಗಳು. ದುಡಿಯುವವರು ಹೊರಊರುಗಳ ತಗಡಿನ ಶೆಡ್ಡುಗಳಲ್ಲಿರುತ್ತಾರೆ, ಅಲ್ಲಿ ಅವರ ಮನೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಮಾದರಿಯಲ್ಲಿ ಬಂದ ಇಂಥ ಮನೆಗಳನ್ನು ‘ಬೀಗ ಹಾಕಿದೆ’ ಎಂದು ಬರೆದು ಬದಲಿ ಮನೆಗೆ ಹೋಗುವ ಮೊದಲು, ಗುಳೆ ಹೋದವರು ಊರಿಗೆ ಬರುವ ಯುಗಾದಿಯ ವಾರದಲ್ಲಿ ಮತ್ತೊಮ್ಮೆ ಹೋಗಿ ಬಾಗಿಲು ತಟ್ಟುವಂತೆ ಸಿಬ್ಬಂದಿಗೆ ಈಗಲೇ ಲಿಖಿತ ಸೂಚನೆ ಕೊಡಬೇಕೆಂದು ಕೋರುತ್ತೇನೆ.

– ಒಬ್ಬ ಶಿಕ್ಷಕ, ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ
(ಸೇವೆಯಲ್ಲಿರುವುದರಿಂದ ಹೆಸರು ಪ್ರಕಟಿಸಬಾರದಾಗಿ ವಿನಂತಿ)