ಸ್ವೆಟರ್ ಜೊತೆಗೆ ಒಗೆಯುವ ಕ್ರಮದ ಚೀಟಿಯನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ಚಳಿಗಾಲ ಕಾಲಿಡುತ್ತಿದ್ದಂತೆ ಬೆಂಗಳೂರಿನಲ್ಲಿ ಸ್ವೆಟರ್ ವ್ಯಾಪಾರ ಬಿರುಸಾಗುತ್ತದೆ. ಟಿಬೆಟಿಯನ್ ವ್ಯಾಪಾರಿಗಳ ಮಳಿಗೆಗಳಿಂದ ಹಿಡಿದು ದೊಡ್ಡ ಬಟ್ಟೆ ಅಂಗಡಿಗಳವರೆಗೆ ಬಣ್ಣ, ಅಳತೆ, ಬೆಲೆಗಳ ಮಾತು ಬೇಕಾದಷ್ಟು ನಡೆಯುತ್ತದೆ; ಕೊಂಡ ಉಣ್ಣೆಯ ಉಡುಪನ್ನು ಮನೆಯಲ್ಲಿ ಹೇಗೆ ಒಗೆಯಬೇಕೆಂಬ ಮಾತು ಮಾತ್ರ ಬರುವುದೇ ಇಲ್ಲ. ಕತ್ತಿನ ಬಳಿ ಹೊಲಿದಿರುವ ಪಟ್ಟಿಯಲ್ಲಿ ನೀರಿನ ತೊಟ್ಟಿಯೊಳಗೆ ಕೈ ಇಳಿಬಿಟ್ಟ ಪುಟ್ಟ ಚಿತ್ರವಿದ್ದರೆ ಕೈಯಲ್ಲೇ ಒಗೆಯಬೇಕೆಂದೂ, ತೊಟ್ಟಿಯ ಮೇಲೆ ಅಡ್ಡಗೀಟುಗಳಿದ್ದರೆ ನೀರಿಗೆ ಹಾಕಲೇಬಾರದೆಂದೂ ಅರ್ಥ. ಇದು ತಿಳಿಯದೆ ಎಷ್ಟೋ ಮನೆಗಳಲ್ಲಿ ಒಳ್ಳೆಯ ಸ್ವೆಟರ್‌ಗಳು ಮೊದಲ ಒಗೆತಕ್ಕೇ ಮಕ್ಕಳ ಅಳತೆಗೆ ಇಳಿಯುತ್ತಿವೆ.

ಉಣ್ಣೆ ಹಾಳಾಗುವ ಕಾರಣ ಅದರ ರಚನೆಯಲ್ಲೇ ಇದೆ. ತಲೆಗೂದಲಿನಂತೆ ಅದೂ ಕೆರಾಟಿನ್ ಎಂಬ ಪ್ರೋಟೀನ್. ಒಂದೊಂದು ಎಳೆಯ ಮೇಲೂ ಸೂರಿಗೆ ಹೊದಿಸಿದ ಹೆಂಚಿನಂತೆ ಒಂದರ ಮೇಲೊಂದು ಕುಳಿತ ಸೂಕ್ಷ್ಮ ಪೊರೆಗಳಿರುತ್ತವೆ. ಬಿಸಿನೀರಿನಲ್ಲಿ ನೆನೆಸಿ ಉಜ್ಜಿದಾಗ ಈ ಪೊರೆಗಳು ಪಕ್ಕದ ಎಳೆಗಳಿಗೆ ಸಿಕ್ಕಿಕೊಳ್ಳುವುದರಿಂದ ಬಟ್ಟೆ ದಪ್ಪಗಾಗಿ ಕುಗ್ಗುತ್ತದೆ, ಹಾಗೆ ಕುಗ್ಗಿದ್ದನ್ನು ಮೊದಲಿನ ಸ್ಥಿತಿಗೆ ತರುವುದು ಬಹುಮಟ್ಟಿಗೆ ಅಸಾಧ್ಯ. ನಿತ್ಯದ ಬಟ್ಟೆಗೆ ಬಳಸುವ ಸೋಪಿನ ಪುಡಿ ಕ್ಷಾರೀಯವಾದದ್ದು. ಮೇಲಾಗಿ ಹಲವು ಪುಡಿಗಳಲ್ಲಿ ಹಾಲು, ಮೊಟ್ಟೆ, ರಕ್ತದ ಕಲೆಗಳನ್ನು ತೆಗೆಯಲೆಂದು ಪ್ರೋಟೀನನ್ನು ಒಡೆಯುವ ಕಿಣ್ವವನ್ನು ಸೇರಿಸಿರುತ್ತಾರೆ. ಉಣ್ಣೆಯೂ ಪ್ರೋಟೀನೇ ಆದ್ದರಿಂದ, ಅಂಥ ಪುಡಿಯಲ್ಲಿ ರಾತ್ರಿಯಿಡೀ ನೆನೆಹಾಕಿದ ಸ್ವೆಟರ್ ಕ್ರಮೇಣ ಸತ್ವ ಕಳೆದುಕೊಳ್ಳುತ್ತದೆ. ಬ್ಲೀಚನ್ನಂತೂ ಅದರ ಹತ್ತಿರಕ್ಕೂ ತರಬಾರದು.

ನಮ್ಮ ನಗರದಲ್ಲಿ ಇದರ ಜೊತೆಗೆ ನೀರಿನ ಸಮಸ್ಯೆಯೂ ಇದೆ. ಹಲವು ಬಡಾವಣೆಗಳಿಗೆ ಇಂದಿಗೂ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. ಆ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶಗಳು ಬಾರ್ ಸೋಪಿನೊಂದಿಗೆ ಸೇರಿ ಜಿಡ್ಡಿನಂತಹ ಬಿಳಿ ಗಸಿಯಾಗಿ ನೂಲಿಗೆ ಅಂಟಿಕೊಂಡು, ಮೆತ್ತಗಿದ್ದ ಉಡುಪನ್ನು ಒರಟಾಗಿಸುತ್ತವೆ. ಆದ್ದರಿಂದ ಉಣ್ಣೆಗೆಂದೇ ಸಿಗುವ ದ್ರವರೂಪದ ಸೌಮ್ಯ ಮಾರ್ಜಕವನ್ನೋ, ಅದಿಲ್ಲದಿದ್ದರೆ ಮಕ್ಕಳ ಶಾಂಪೂವನ್ನೋ ಬಳಸುವುದು ಲೇಸು. ನಮ್ಮ ಹಿರಿಯರು ರೇಷ್ಮೆಗೂ ಉಣ್ಣೆಗೂ ಬಳಸುತ್ತಿದ್ದ ಅಂಟುವಾಳಕಾಯಿ ನನ್ನ ಮಟ್ಟಿಗೆ ಈಗಲೂ ಶ್ರೇಷ್ಠ. ಬೀಜ ತೆಗೆದ ಸಿಪ್ಪೆಯನ್ನು ನೆನೆಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿಕೊಂಡರೆ ಸಾಕು. ಅದರ ಕಂದು ಛಾಯೆ ಹತ್ತಬಹುದಾದ ಬಿಳಿ ಸ್ವೆಟರ್‌ಗೆ ಮಾತ್ರ ಬೇಡ.

ಒಗೆಯುವ ಮುನ್ನ ಸ್ವೆಟರನ್ನು ದೊಡ್ಡ ಕಾಗದದ ಮೇಲೆ ಹರಡಿ, ತೋಳು, ಭುಜ, ಕೆಳ ಅಂಚುಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿಟ್ಟುಕೊಳ್ಳಬೇಕು. ಟಬ್ಬಿನ ನೀರು 30 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಮೊಣಕೈ ಅದ್ದಿದರೆ ಬಿಸಿ ತಾಗಬಾರದು. ಬೆಂಗಳೂರಿನ ಚಳಿಯಲ್ಲೂ ಇದಕ್ಕೆ ಗೀಸರ್ ಬೇಕಿಲ್ಲ. ಮಾರ್ಜಕವನ್ನು ನೀರಿನಲ್ಲಿ ಪೂರ್ತಿ ಕದಡಿದ ಮೇಲೆ ಸ್ವೆಟರನ್ನು ಒಳಮೈ ಹೊರಗಾಗಿಸಿ ಮುಳುಗಿಸಿ, ಐದರಿಂದ ಹತ್ತು ನಿಮಿಷ ಬಿಟ್ಟು, ಅಂಗೈಯಿಂದ ಮೆಲ್ಲಗೆ ಅದುಮಿ ಬಿಡುತ್ತಿರಬೇಕು. ಕುಕ್ಕುವುದು, ಬ್ರಷ್ ಹಾಕುವುದು, ಒಗೆಯುವ ಕಲ್ಲಿಗೆ ಬಡಿಯುವುದು ಯಾವುದೂ ಸಲ್ಲದು. ಜಾಲಿಸುವ ನೀರು ಕೂಡ ಅಷ್ಟೇ ಬೆಚ್ಚಗಿರಲಿ. ಗಡಸು ನೀರಿನವರು ಕೊನೆಯ ಜಾಲಿಸುವಿಕೆಗೆ ಒಂದು ಚಮಚ ಬಿಳಿ ವಿನೆಗರ್ ಬೆರೆಸಿದರೆ ಉಳಿದ ಕ್ಷಾರ ಹೋಗುತ್ತದೆ.

ಹೆಚ್ಚಿನ ಹಾನಿ ಆಗುವುದು ಇದಾದ ಮೇಲೆಯೇ. ನೆನೆದ ಉಣ್ಣೆ ನೀರು ಹಿಡಿದು ಭಾರವಾಗಿರುತ್ತದೆ, ಒಣ ಉಣ್ಣೆಗಿಂತ ದುರ್ಬಲವೂ ಆಗಿರುತ್ತದೆ. ಭುಜ ಹಿಡಿದು ಮೇಲೆತ್ತಿದರೆ ಹೆಣಿಗೆಯ ಕುಣಿಕೆಗಳು ಜಗ್ಗಿ ಉಡುಪು ಉದ್ದವಾಗುತ್ತದೆ. ಎರಡೂ ಕೈಗಳನ್ನು ಅಡಿಗೆ ಕೊಟ್ಟು ಎತ್ತಿ, ಹಿಂಡದೆ, ಒಣ ಟವೆಲ್ ಮೇಲೆ ಹಾಸಿ, ಟವೆಲ್ ಸಮೇತ ಸುರುಳಿ ಸುತ್ತಿ ಒತ್ತಿದರೆ ಹೆಚ್ಚಿನ ನೀರನ್ನು ಟವೆಲ್ಲೇ ಹೀರಿಕೊಳ್ಳುತ್ತದೆ. ಬಳಿಕ ನೆರಳಿನಲ್ಲಿ ಚಾಪೆಯ ಮೇಲೆ ಬಟ್ಟೆ ಹಾಸಿ, ಮೊದಲು ಎಳೆದಿಟ್ಟ ಗೆರೆಯ ಅಳತೆಗೆ ಸರಿಯಾಗಿ ತೋಳು, ಅಂಚುಗಳನ್ನು ಕೂಡಿಸಿ ಒಣಗಲು ಬಿಡಬೇಕು. ತಾರಸಿಯ ತಂತಿಗೆ ಕ್ಲಿಪ್ ಹಾಕಿ ನೇತುಹಾಕಬಾರದು. ಒಣಗಲು ಒಂದೆರಡು ದಿನ ಹಿಡಿದರೂ ಅವಸರ ಬೇಡ. ಬೆವರು, ಆಹಾರದ ಕೊಳೆಯಿರುವ ಉಣ್ಣೆಗೆ ನುಸಿ ಬೇಗ ತಗಲುವುದರಿಂದ, ಬೇಸಿಗೆಗೆ ಎತ್ತಿಡುವ ಮುನ್ನ ಒಮ್ಮೆ ಒಗೆದು ಪೂರ್ತಿ ಒಣಗಿಸಲೇಬೇಕು.

ಅಕ್ರಿಲಿಕ್ ಸ್ವೆಟರ್‌ಗಳು ಹೀಗೆ ಕುಗ್ಗುವುದಿಲ್ಲ, ಆದರೆ ಬಿಸಿ ಇಸ್ತ್ರಿ ತಾಗಿದರೆ ಜೋಲುಬೀಳುತ್ತವೆ. ಪಟ್ಟಿಯಿಲ್ಲದ ಉಡುಪಾದರೆ, ಒಳಗೆ ಉಳಿದ ತುಂಡು ನೂಲನ್ನು ಬಿಡಿಸಿಕೊಂಡು ಎಚ್ಚರಿಕೆಯಿಂದ ಸುಟ್ಟು ನೋಡಬಹುದು: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ.

ನಗರದ ಉಣ್ಣೆ ಬಟ್ಟೆ ವ್ಯಾಪಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಇವಿಷ್ಟನ್ನು ಹತ್ತು ಸಾಲಿನ ಕನ್ನಡ ಚೀಟಿಯಲ್ಲಿ ಮುದ್ರಿಸಿ ಪ್ರತಿ ಸ್ವೆಟರ್ ಜೊತೆಗೂ ಕೊಡಿ, ಪಟ್ಟಿಯ ಚಿತ್ರಗಳ ಅರ್ಥವನ್ನೂ ಅದರಲ್ಲೇ ಸೇರಿಸಿ. ಮನೆಗೆಲಸಕ್ಕೆ ಬರುವವರ ಕೈಗೆ ಒಗೆಯಲು ಕೊಡುವವರು ಆ ಚೀಟಿಯನ್ನೂ ಓದಿ ಹೇಳಿದರೆ, ಬಟ್ಟೆ ಹಾಳಾಯಿತೆಂದು ಅವರು ಮಾತು ಕೇಳಬೇಕಾದ ಪ್ರಸಂಗವೂ ತಪ್ಪುತ್ತದೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ತ್ಯಾಗರಾಜನಗರ, ಬೆಂಗಳೂರು