ಊರಿನ ನಲ್ಲಿ ಪೈಪಿಗೆ ಮೋಟರ್ ಹಾಕಬೇಡಿ

ಮಾನ್ಯ ಸಂಪಾದಕರೇ,

ಹಾಸನದ ಸುತ್ತ ದುದ್ದ, ಶಾಂತಿಗ್ರಾಮ, ಸಾಲಗಾಮೆ, ಕಟ್ಟಾಯ ಹೋಬಳಿಗಳ ಊರುಗಳಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟುವವರಿದ್ದಾರೆ. ಪೇಟೆ ಹತ್ತಿರ, ಊರಲ್ಲಿ ಗಲಾಟೆಯಿಲ್ಲ. ಶ್ರವಣಬೆಳಗೊಳದ ಮೇಲಿನ ರೈಲು ಮಾರ್ಗ 2017ರಲ್ಲಿ ತೆರೆದ ಮೇಲೆ ಬೆಂಗಳೂರೂ ದೂರವೆನಿಸುವುದಿಲ್ಲ. ಬೀಗ ಬಿದ್ದ ಬೀದಿಗಳಲ್ಲಿ ದೀಪ ಹತ್ತಿದರೆ ಊರಿನವರಿಗೂ ಸಂತೋಷವೇ. ಆದರೆ ಮನೆ ನಕ್ಷೆ ಬರೆಸುವಾಗ ಕಾರು ನಿಲ್ಲಿಸುವ ಜಾಗಕ್ಕೆ ಕೊಡುವ ಗಮನ ಸಂಪಿಗೂ ಶೌಚದ ಗುಂಡಿಗೂ ಸಿಗುತ್ತಿಲ್ಲ. ಜಗಳ ಹುಟ್ಟುವುದು ಅಲ್ಲಿಂದಲೇ.

ಜಲಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ನಗರದ ಯೋಜನೆಗಳಲ್ಲಿ 135 ಲೀಟರ್ ಹಿಡಿಯುತ್ತಾರೆ. ಬೋರ್‌ವೆಲ್‌ನಿಂದ ಊರ ಟ್ಯಾಂಕ್ ತುಂಬಿಸಿ, ವಾಲ್ವ್ ತಿರುಗಿಸಿ, ಒಂದೊಂದು ಬೀದಿಗೆ ಸರದಿಯ ಮೇಲೆ ಬಿಡುವ ನೀರು ಅದು. ಟ್ಯಾಂಕಿನ ಎತ್ತರವೇ ಅದರ ಒತ್ತಡ; 10 ಮೀಟರ್ ಎತ್ತರಕ್ಕೆ ಸಿಗುವುದು ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ಒತ್ತಡ. ಹತ್ತಾರು ನಲ್ಲಿ ಒಟ್ಟಿಗೆ ತೆರೆದರೆ ಅಷ್ಟೂ ಉಳಿಯುವುದಿಲ್ಲ. ಮಹಡಿ ಮೇಲಿನ ಸಿಂಟೆಕ್ಸ್‌ಗೆ ನೀರು ಏರಲಿಲ್ಲವೆಂದು ಕೆಲವರು ಅರ್ಧ ಎಚ್‌ಪಿ ಮೋಟರನ್ನು ನೇರ ನಲ್ಲಿ ಪೈಪಿಗೇ ಕೂಡಿಸುತ್ತಾರೆ.

ಆ ಮೋಟರ್ ಚಾಲೂ ಆದ ಗಳಿಗೆಯಲ್ಲಿ ಬೀದಿಯ ಕೊನೆ ಮನೆಯ ನಲ್ಲಿಗೆ ಕಿವಿ ಕೊಟ್ಟರೆ 'ಬುಸ್' ಎಂದು ಗಾಳಿ ಒಳಕ್ಕೆ ಹೋಗುವ ಸದ್ದು ಕೇಳುತ್ತದೆ. ಅಂಗೈ ಇಟ್ಟರೆ ಕಚ್ಚಿ ಹಿಡಿಯುತ್ತದೆ. ಆ ಮನೆಯವರಿಗೆ ಅಂದು ಕೊಡ ತುಂಬುವುದಿಲ್ಲ, ಅದು ಒಂದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪೈಪು ಚರಂಡಿಯನ್ನು ದಾಟುವ ಕಡೆ ಜಾಯಿಂಟ್ ಸಡಿಲವಾಗಿದ್ದರೆ, ಅದೇ ಸೆಳೆತಕ್ಕೆ ಚರಂಡಿ ನೀರೂ ಪೈಪಿನೊಳಗೆ ಬರುತ್ತದೆ. ಟ್ಯಾಂಕಿಗೆ ಹಾಕಿದ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಅಲ್ಲೇ ಖರ್ಚಾಗಿಬಿಡುತ್ತದೆ. ಕೊನೆ ನಲ್ಲಿಯಲ್ಲಿ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆಯ ಕಿಟ್‌ನ ಹನಿ ಹಾಕಿದಾಗ ನೀರು ತಿಳಿ ಹಳದಿಗೆ ತಿರುಗದಿದ್ದರೆ ಅದನ್ನು ಕುದಿಸದೆ ಕುಡಿಯಬಾರದು. ಮೋಟರ್ ಹಾಕಿದವರ ಸಿಂಟೆಕ್ಸ್‌ಗೂ ಹೋಗುವುದು ಅದೇ ನೀರು.

ಇದಕ್ಕೆ ಪರಿಹಾರ ನೆಲದ ಸಂಪು. 4 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಆಳದ ಸಂಪಿನಲ್ಲಿ ಮೇಲಿನ ಅರ್ಧ ಅಡಿ ಬಿಟ್ಟರೂ 2,000 ಲೀಟರ್ ನಿಲ್ಲುತ್ತದೆ. ನೀರು ದಿನ ಬಿಟ್ಟು ದಿನ ಬಂದರೂ ನಾಲ್ಕು ಜನರ ಮನೆಗೆ ಧಾರಾಳ. ನೆಲಕ್ಕಿಂತ ತಗ್ಗಿನಲ್ಲಿರುವುದರಿಂದ ಒತ್ತಡ ಕಡಿಮೆಯಿದ್ದರೂ ನೀರು ತಾನಾಗಿ ಇಳಿಯುತ್ತದೆ. ಮೋಟರ್ ಇರಬೇಕಾದದ್ದು ಸಂಪಿನಿಂದ ಮಹಡಿಗೆ. ಸಂಪು ತುಂಬಿದಾಗ ನೀರನ್ನು ತಾನಾಗಿ ನಿಲ್ಲಿಸುವ ತೇಲುಗುಂಡಿನ ಬಾಲ್ ವಾಲ್ವನ್ನು ಪೈಪಿನ ಬಾಯಿಗೆ ಹಾಕಲು ಮರೆಯಬೇಡಿ; ಮನೆಯವರು ವಾರವೆಲ್ಲ ನಗರದಲ್ಲಿದ್ದು ಶನಿವಾರ ಬರುವ ಮನೆಗಳಲ್ಲಿ ಸಂಪು ತುಂಬಿ ರಸ್ತೆಗೆ ಹರಿಯುವುದು ಇದೊಂದು ಇಲ್ಲದ್ದಕ್ಕೆ. ಮುಚ್ಚಳದ ಕಟ್ಟೆ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ.

ಇನ್ನು ಶೌಚದ ಗುಂಡಿ. ಆಳ ಹೆಚ್ಚಿದಷ್ಟು ಒಳ್ಳೆಯದೆಂದು 15–20 ಅಡಿ ತೋಡಿ ಸಿಮೆಂಟ್ ರಿಂಗ್ ಇಳಿಸುತ್ತಾರೆ. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದಾಗ ಗುಂಡಿಯ ಹೊಲಸು ನೇರ ಅದಕ್ಕೇ ಸೇರುತ್ತದೆ. ಗುಂಡಿಯ ತಳಕ್ಕೂ ನೀರಿನ ಮಟ್ಟಕ್ಕೂ ಕನಿಷ್ಠ 2 ಮೀಟರ್ ಅಂತರ ಬೇಕು. ಐದಾರು ಜನರ ಮನೆಗೆ ಮೂರೂವರೆ ಅಡಿ ಅಗಲ, ನಾಲ್ಕೈದು ಅಡಿ ಆಳದ ಜೋಡಿ ಗುಂಡಿ ಸಾಕು. ಸುತ್ತ ಸಂದು ಬಿಟ್ಟ ಇಟ್ಟಿಗೆ ಗೋಡೆ, ತಳಕ್ಕೆ ಕಾಂಕ್ರೀಟ್ ಬೇಡ. ಶೌಚದ ಪೈಪು ಎರಡು ಗುಂಡಿಗೆ ಕವಲಾಗುವ ಛೇಂಬರ್‌ನಲ್ಲಿ ಒಂದು ಬಾಯಿ ಸದಾ ಮುಚ್ಚಿರಬೇಕು. ಎರಡನ್ನೂ ತೆರೆದಿಟ್ಟರೆ ಎರಡೂ ಒಟ್ಟಿಗೆ ತುಂಬಿ ಜೋಡಿ ಮಾಡಿದ ಶ್ರಮ ವ್ಯರ್ಥ. ಒಂದು ತುಂಬಲು ಸುಮಾರು ಮೂರು ವರ್ಷ; ಆಮೇಲೆ ಎರಡು ವರ್ಷ ಮುಚ್ಚಿಟ್ಟರೆ ಗೊಬ್ಬರ. ಬಚ್ಚಲ ನೀರನ್ನು ಇದಕ್ಕೆ ಬಿಡದೆ ಬಾಳೆ ಬುಡಕ್ಕೆ ತಿರುಗಿಸಿ.

ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ಗಳಿಂದ ಶೌಚದ ನೀರಿನ ಇಂಗುಗುಂಡಿ 18 ಮೀಟರ್, ಅಂದರೆ 60 ಅಡಿ ದೂರವಿರಬೇಕೆಂಬುದು ನಿಯಮ. 30x40 ಸೈಟಿನ ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ! ಅಂದರೆ ಅಷ್ಟು ಜಾಗದಲ್ಲಿ ಗುಂಡಿ, ಬೋರ್ ಎರಡೂ ಸರಿಯಾಗಿ ಕೂರುವುದೇ ಇಲ್ಲ. ಪಕ್ಕದ ಮನೆಯ ಬೋರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಣ್ಣ ಸೈಟಿನವರು ಸ್ವಂತ ಬೋರ್ ಆಸೆ ಬಿಟ್ಟು ಮಳೆ ನೀರು ಹಿಡಿಯುವುದು ಲೇಸು. 1,000 ಚದರ ಅಡಿ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 930 ಲೀಟರ್. ಸೋರಿದ್ದು, ಮೊದಲ ಕೊಳೆ ನೀರು ಬಿಟ್ಟರೂ 700 ಲೀಟರ್ ಉಳಿಯುತ್ತದೆ.

ಸೈಟು ನೋಡುವಾಗಲೇ ಗ್ರಾಮ ನಕ್ಷೆ ತೆಗೆಸಿ ಬಂಡಿದಾರಿ, ಹಳ್ಳ, ಕೆರೆ ಕಾಲುವೆ ಎಲ್ಲಿವೆಯೆಂದು ನೋಡಬೇಕು. ಬೇಸಿಗೆಯಲ್ಲಿ ಕಾಲುವೆ ಬರೀ ತಗ್ಗಿನಂತೆ ಕಾಣುತ್ತದೆ. ಮಣ್ಣು ತುಂಬಿಸಿ ಕಾಂಪೌಂಡ್ ಎಬ್ಬಿಸಿದರೆ ಜುಲೈನಲ್ಲಿ ಕಾಲುವೆಯ ನೀರು ಆ ಮನೆಯ ಸಂಪಿಗೇ ನುಗ್ಗುತ್ತದೆ. ಪಂಚಾಯಿತಿ ಕೊಡುವ ಆಸ್ತಿ ದಾಖಲೆ ನಮೂನೆ 11ಬಿ ಇದೆ ಎಂದ ಮಾತ್ರಕ್ಕೆ ಬಡಾವಣೆಗೆ ಅನುಮೋದನೆ ಇದೆ ಎಂದಲ್ಲ. ನಮೂನೆ 9, 11ಎ ಮತ್ತು ಭೂಪರಿವರ್ತನೆ ಆದೇಶ ಕೇಳಿ.

ಗ್ರಾಮ ಪಂಚಾಯಿತಿಗಳಲ್ಲಿ ಒಂದು ವಿನಂತಿ. ಹೊಸ ಮನೆಗೆ ನಲ್ಲಿ ಸಂಪರ್ಕ ಕೊಡುವ ಮೊದಲು ಸಂಪು, ಬಾಲ್ ವಾಲ್ವ್, ಗುಂಡಿಯ ಅಂತರ ಮೂರನ್ನೂ ಸ್ಥಳಕ್ಕೆ ಹೋಗಿ ನೋಡಿ. ನೀರು ಬಿಡುವ ದಿನ, ಹೊತ್ತು, ಯಾವ ಬೀದಿಗೆ ಯಾವ ವಾಲ್ವ್ ಎಂಬುದನ್ನು ಕಚೇರಿ ಗೋಡೆಗೆ ಬರೆಸಿ. ಹೊಸಬರಿಗೂ ವಾರ್ಡ್ ಸಭೆಯ ನೋಟಿಸ್ ತಲುಪಲಿ.

– ಒಬ್ಬ ವಾಟರ್‌ಮನ್, ಹಾಸನ ತಾಲ್ಲೂಕು