ಹೊಗೆಯ ರೊಕ್ಕ ಬೆಂಗಳೂರಿಗೆ, ಓಟು ಹುಬ್ಬಳ್ಳಿಗೆ: ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಸಾದರ ನಮಸ್ಕಾರಗಳು.

ಬೇಡಿಕೆಯನ್ನು ಮೊದಲೇ ಬರೆದುಬಿಡುತ್ತೇವೆ. ಪತ್ರ ಉದ್ದವಾಗಿದೆ, ತಮ್ಮ ಕಚೇರಿಯವರು ಮೊದಲ ಪ್ಯಾರಾ ಓದಿ ಕಡತಕ್ಕೆ ಸೇರಿಸಿಬಿಡಬಹುದು. ಹೊಗೆಯ ಹೆಸರಿನಲ್ಲಿ ಹಳೇ ಗಾಡಿಗಳ ಮೇಲೆ ಹಾಕುವ ಹಸಿರು ತೆರಿಗೆ ರಾಜ್ಯದ ಖಜಾನೆಗೆ ಹೋಗುತ್ತದೆ. ಕೆಎ-25 (ಧಾರವಾಡ) ಮತ್ತು ಕೆಎ-63 (ಹುಬ್ಬಳ್ಳಿ) ಗಾಡಿಗಳಿಂದ ವಸೂಲಾಗುವ ಆ ತೆರಿಗೆಯನ್ನು ನಮ್ಮ ಪಾಲಿಕೆಗೆ ಕೊಡಿಸಿರಿ. ಅದರ ಲೆಕ್ಕವನ್ನು ಬರುವ ಪಾಲಿಕೆ ಚುನಾವಣೆಗೆ ಮುಂಚೆ ವಾರ್ಡ್‌ವಾರು ಜನರ ಮುಂದೆ ಇಡಿಸಿರಿ. ಇಷ್ಟೇ.

ಪ್ರತಿ ಚುನಾವಣೆ ಬಂದಾಗಲೂ ಮತದಾನ ಜಾಗೃತಿ ಅಂತ ಶಾಲೆಯ ಮಕ್ಕಳನ್ನು ಬಿಸಿಲಲ್ಲಿ ನಡೆಸುತ್ತೀರಿ, ರಂಗೋಲಿ ಬಿಡಿಸುತ್ತೀರಿ, ಬೈಕ್ ರ್ಯಾಲಿ ತೆಗೆಯುತ್ತೀರಿ. ಆ ರ್ಯಾಲಿಯಲ್ಲಿ ಓಡಿದ ಬೈಕುಗಳ ಹೊಗೆ ಪ್ರಮಾಣಪತ್ರ ಯಾರಾದರೂ ಕೇಳಿದ್ದಾರೆಯೇ ಎಂದು ನಾವು ಕೇಳುವುದಿಲ್ಲ, ಬಿಡಿ. ಕೇಳುವುದು ಬೇರೆ. ಹೊಗೆಯ ಹೆಸರಿನಲ್ಲಿ ಜನರಿಂದ ರೊಕ್ಕ ತೆಗೆದುಕೊಳ್ಳುವವರು ಒಬ್ಬರು, ಅದೇ ಜನ ಓಟು ಹಾಕುವುದು ಇನ್ನೊಬ್ಬರಿಗೆ. ಹೀಗಿರುವಾಗ ಮತಗಟ್ಟೆಗೆ ಬಂದು ಅವರು ಯಾರನ್ನು ಪ್ರಶ್ನಿಸಬೇಕು?

ಲೆಕ್ಕ ತಮಗೆ ಗೊತ್ತಿರುವಂಥದ್ದೇ. 15 ವರ್ಷ ದಾಟಿದ ದ್ವಿಚಕ್ರ ವಾಹನಕ್ಕೆ ಐದು ವರ್ಷಕ್ಕೆ 250 ರೂಪಾಯಿ ಹಸಿರು ತೆರಿಗೆ, ಕಾರಿಗೆ 500. ಸಾರಿಗೆ ವರ್ಗದ ಗಾಡಿಗೆ ಏಳು ವರ್ಷವಾದ ಮೇಲೆ ವರ್ಷಕ್ಕೆ 200. ಇದಕ್ಕೆ ಯಾರೂ ಹೆಚ್ಚು ಗೊಣಗುವುದಿಲ್ಲ. ಬೆನ್ನು ಮುರಿಯುವುದು ಅದರ ಜೊತೆಗೆ ಬರುವ ಬಾಬ್ತು. ಕೇಂದ್ರ ಸಾರಿಗೆ ಸಚಿವಾಲಯದ 2021ರ ಅಕ್ಟೋಬರ್ ಅಧಿಸೂಚನೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಬೈಕಿನ ಮರುನೋಂದಣಿ 300ರಿಂದ 1,000ಕ್ಕೆ, ಕಾರಿನದು 600ರಿಂದ 5,000ಕ್ಕೆ ಹೋಯಿತು. ತಡಮಾಡಿದರೆ ಬೈಕಿಗೆ ತಿಂಗಳಿಗೆ 300 ದಂಡ. 15 ವರ್ಷ ದಾಟಿದ ಆಟೊ, ಟಂಟಂ ಪಾಸಿಂಗಿಗೆ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಎಫ್‌ಸಿಗೆ, 3,500 ಆಯಿತು, ಎಫ್‌ಸಿ ಮುಗಿದ ಮೇಲೆ ದಿನಕ್ಕೆ 50 ರೂಪಾಯಿ ಬೇರೆ. ಸಾಲದೆಂದು 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಗಾಡಿಗಳ ದರ ಇಮ್ಮಡಿಯಾಯಿತು: ಬೈಕಿಗೆ 2,000, ಕಾರಿಗೆ 10,000.

ಒಂದು ಬೈಕಿನ ಲೆಕ್ಕ ಹಾಕೋಣ. ಆರ್‌ಸಿ ಅವಧಿ ಮುಗಿದು ಎರಡು ವರ್ಷವಾಗಿದೆ. ಮಾಲೀಕ ಎಪಿಎಂಸಿಯಲ್ಲಿ ಹಮಾಲಿಯೋ, ದುರ್ಗದ ಬೈಲಿನಲ್ಲಿ ಚುರಮರಿ ಮಾರುವವನೋ ಇರಲಿ. ನವೀಕರಣ 1,000, ತಡಮಾಡಿದ್ದಕ್ಕೆ 24 ತಿಂಗಳಿಗೆ 7,200, ಹಸಿರು ತೆರಿಗೆ 250. ಒಟ್ಟು 8,450. ವಿಮೆ, ಹೊಗೆ ತಪಾಸಣೆ, ಕಾರ್ಡಿನ ಶುಲ್ಕ, ಏಜೆಂಟನ ಚಹಾ ಇದರಲ್ಲಿ ಸೇರಿಲ್ಲ. ಹಳೇ ಗಾಡಿ ಮಾರಲು ಹೋದರೆ ಅಷ್ಟು ಹುಟ್ಟುತ್ತದೆಯೋ ಇಲ್ಲವೋ. ಈ 8,450ರಲ್ಲಿ ‘ಹಸಿರು’ ಎಂಬ ಹೆಸರಿರುವುದು 250ಕ್ಕೆ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ ಬರುವುದು ಸೊನ್ನೆ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

(ತಡದ ದಂಡ ಬೇಡವೆಂದರೆ ದಾರಿ ಇದೆ, ಓದುವವರಿಗಾದರೂ ಉಪಯೋಗವಾಗಲಿ. ಆರ್‌ಸಿ ಅವಧಿ ಮುಗಿಯುವ 60 ದಿನ ಮೊದಲೇ ನಮೂನೆ 25ರಲ್ಲಿ ಅರ್ಜಿ ಹಾಕಬಹುದು. ವಿಮೆ ಮತ್ತು ಹೊಗೆ ಪ್ರಮಾಣಪತ್ರ ಆ ದಿನಕ್ಕೆ ಚಾಲ್ತಿಯಲ್ಲಿರಬೇಕು, ಚಾಸಿ ನಂಬರ್ ತುಕ್ಕು ಹಿಡಿದಿದ್ದರೆ ಮೊದಲೇ ಉಜ್ಜಿ ಓದುವಂತೆ ಮಾಡಿರಬೇಕು. ತಪಾಸಣೆಯ ದಿನ ನಂಬರ್ ಕಾಣದಿದ್ದರೆ ಗಾಡಿ ವಾಪಸ್.)

ಇನ್ನು ಹೊಗೆಯ ಮಾತು. ತೆರಿಗೆ ಬೀಳುವುದು ಗಾಡಿಯ ವಯಸ್ಸಿಗೆ, ಹೊಗೆಗಲ್ಲ. 2000ದ ಏಪ್ರಿಲ್ ನಂತರದ, ಬಿಎಸ್-4 ಎಂಬ ಹೊಗೆ ಮಾನದಂಡಕ್ಕೂ ಮುಂಚಿನ ನಾಲ್ಕು ಸ್ಟ್ರೋಕ್ ಬೈಕಿಗೆ ಹೊಗೆ ತಪಾಸಣೆಯ ಮಿತಿ ಎಂದರೆ ಇಂಗಾಲದ ಮೊನಾಕ್ಸೈಡ್ ಶೇ 3.5, ಹೈಡ್ರೋಕಾರ್ಬನ್ 4,500 ಪಿಪಿಎಂ. ಎಂಜಿನ್ ಬಿಸಿಯಾಗಿ, ಚೋಕ್ ಪೂರ್ತಿ ಬಿಟ್ಟು, ಐಡಲಿಂಗಿನಲ್ಲಿ ನಿಂತಾಗ ಸೈಲೆನ್ಸರಿನೊಳಗೆ 30 ಸೆಂಟಿಮೀಟರ್ ನಳಿಕೆ ತೂರಿಸಿ ಅಳೆಯಬೇಕು. ತಣ್ಣಗಿದ್ದಾಗ ಅಳೆದರೆ ಒಳ್ಳೆಯ ಗಾಡಿಯೂ ಫೇಲ್. ಸೈಲೆನ್ಸರಿಗೆ ತೂತು ಬಿದ್ದಿದ್ದರೆ ಹೊರಗಿನ ಗಾಳಿ ಸೇರಿ ಅಂಕಿ ಇಳಿಯುತ್ತದೆ, ಕೆಟ್ಟ ಗಾಡಿಯೂ ಪಾಸ್. ಹೈಡ್ರೋಕಾರ್ಬನ್ ಏರಿದ್ದರೆ ಪ್ಲಗ್ ನೋಡಬೇಕು, ಕಿಡಿ ತಪ್ಪಿ ಪೆಟ್ರೋಲ್ ಸುಡದೆ ಹೊರಬೀಳುತ್ತಿರುತ್ತದೆ. ಮೊನಾಕ್ಸೈಡ್ ಏರಿದ್ದರೆ ಕಾರ್ಬೊರೇಟರ್ ಮುಟ್ಟುವ ಮೊದಲು ಏರ್ ಫಿಲ್ಟರ್ ಬಿಚ್ಚಬೇಕು.

ಆ ಏರ್ ಫಿಲ್ಟರ್ ಹತ್ತಿರ ಒಂದು ಕ್ಷಣ ನಿಲ್ಲಿರಿ, ಸ್ವಾಮಿ. ಅದು ಕಟ್ಟಿಕೊಳ್ಳುವುದು ಧೂಳಿನಿಂದ. ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ಅರೆಬರೆ ಸುಟ್ಟು ಮೊನಾಕ್ಸೈಡ್ ಆಗುತ್ತದೆ. ಧೂಳು ಎಲ್ಲಿಯದು? ಒಳಚರಂಡಿಗೆಂದು ಅಗೆದು, ಕೇಬಲ್ಲಿಗೆಂದು ಮತ್ತೆ ಅಗೆದು, ಮಣ್ಣು ಮುಚ್ಚಿ ಬಿಟ್ಟ ರಸ್ತೆಯದು. ಧಾರವಾಡವನ್ನು ಜನ ‘ಧೂಳವಾಡ’ ಅನ್ನುವುದು ತಮ್ಮ ಕಿವಿಗೂ ಬಿದ್ದಿರಬೇಕು. ಅಂದರೆ ರಸ್ತೆಯ ಧೂಳಿನಿಂದ ಬೈಕು ಫೇಲಾಗುತ್ತದೆ, ರೊಕ್ಕ ಬೈಕಿನವನ ಕಿಸೆಯಿಂದ ಹೋಗುತ್ತದೆ, ಧೂಳು ಗುಡಿಸಬೇಕಾದ ಪಾಲಿಕೆಗೆ ಅದರಲ್ಲಿ ಒಂದು ಪೈಸೆಯೂ ಬರುವುದಿಲ್ಲ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಕಲಬುರಗಿ, ಮತ್ತೆ ನಮ್ಮದು. ಪಟ್ಟಿಗೆ ಸೇರಿದ್ದು ಪಿಎಂ10 ಎಂಬ ಧೂಳಿನ ಕಣಕ್ಕಾಗಿ, ವಾರ್ಷಿಕ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ಪೆಟ್ರೋಲ್ ಗಾಡಿಯ ಹೊಗೆ ತಪಾಸಣೆಯಲ್ಲಿ ಆ ಕಣವನ್ನು ಅಳೆಯುವುದೇ ಇಲ್ಲ.

ಇದಕ್ಕೂ ಮತದಾನಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಲಂಡನ್ನಿನ ಉದಾಹರಣೆ ಕೊಟ್ಟರೆ ‘ಅದು ಲಂಡನ್, ಇದು ಹುಬ್ಬಳ್ಳಿ’ ಅನ್ನುತ್ತೀರಿ. ನಾವು ಕೂಡ ಹೇಳಬೇಕೆಂದಿರುವುದು ಅದನ್ನೇ.

ಲಂಡನ್ನಿನಲ್ಲಿ ಹೊಗೆಯ ಶುಲ್ಕ ನಿರ್ಧರಿಸುವವರು ಮೇಯರ್. 2019ರ ಏಪ್ರಿಲಿನಲ್ಲಿ ನಗರದ ನಡುಭಾಗಕ್ಕೆ, 2021ರ ಅಕ್ಟೋಬರಿನಲ್ಲಿ ಅದರಾಚೆಗೆ, 2023ರ ಆಗಸ್ಟ್ 29ರಿಂದ ಇಡೀ ಲಂಡನ್ನಿಗೆ ವಿಸ್ತರಿಸಿದರು. ಯುರೋಪಿನ ಹೊಗೆ ಮಾನದಂಡದಲ್ಲಿ ಯೂರೊ-4 ತಲುಪದ ಪೆಟ್ರೋಲ್ ಕಾರು, ಯೂರೊ-6 ತಲುಪದ ಡೀಸೆಲ್ ಕಾರು ರಸ್ತೆಗಿಳಿದರೆ ದಿನಕ್ಕೆ 12.50 ಪೌಂಡ್, ನಮ್ಮ ಲೆಕ್ಕದಲ್ಲಿ 1,300 ರೂಪಾಯಿಗೂ ಮೇಲೆ. ವಿಸ್ತರಣೆಗೆ ಒಂದು ತಿಂಗಳು ಮೊದಲು, ಜುಲೈ 20ರಂದು, ನಗರದ ಅಂಚಿನ ಅಕ್ಸ್‌ಬ್ರಿಜ್‌ನಲ್ಲಿ ಸಂಸತ್ತಿನ ಉಪಚುನಾವಣೆ ನಡೆಯಿತು. ಶುಲ್ಕವೇ ಮುಖ್ಯ ವಿಷಯ. ಶುಲ್ಕ ವಿರೋಧಿಸಿದ ಪಕ್ಷ 495 ಮತಗಳಿಂದ ಗೆದ್ದಿತು. ಮತದಾನ ಏರಿತೇ? ಇಲ್ಲ. 2019ರ ಸಾರ್ವತ್ರಿಕ ಚುನಾವಣೆಯ ಶೇ 68.5 ಅಲ್ಲಿ ಶೇ 46.2ಕ್ಕೆ ಇಳಿಯಿತು. ಉಪಚುನಾವಣೆ ಎಂದರೆ ಎಲ್ಲೆಲ್ಲೂ ಇಳಿಯುವುದೇ, ಹಾಗಾಗಿ ಇಳಿಕೆಯನ್ನು ಶುಲ್ಕದ ತಲೆಗೆ ಕಟ್ಟುವಂತಿಲ್ಲ. ಮರುವರ್ಷ ಮೇ 2ರಂದು ಮೇಯರ್ ಚುನಾವಣೆ. ಅಷ್ಟು ಗಲಾಟೆಯ ನಂತರವೂ ಮತದಾನ 2021ರ ಶೇ 42ರಿಂದ ಶೇ 40.5ಕ್ಕೆ ಬಂತು, ಶುಲ್ಕ ತಂದ ಸಾದಿಕ್ ಖಾನ್ ಅವರೇ ಮೂರನೇ ಬಾರಿ ಗೆದ್ದರು. ಆ ಸಲ ಗುರುತಿನ ಚೀಟಿ ಕಡ್ಡಾಯವಾಗಿತ್ತು, ಮತದಾನದ ಪದ್ಧತಿಯೂ ಬದಲಾಗಿತ್ತು. ಸಿಟ್ಟು ಬಂದ ಮಾತ್ರಕ್ಕೆ ಜನ ಸಾಲುಗಟ್ಟಿ ಮತಗಟ್ಟೆಗೆ ಬರುವುದಿಲ್ಲ, ಹಾಗೆಂದು ಮನೆಯಲ್ಲೂ ಕೂರುವುದಿಲ್ಲ. ಓಟು ಯಾರಿಗೆ ಬೀಳುತ್ತದೆ ಎಂಬುದು ಮಾತ್ರ ಬದಲಾಗುತ್ತದೆ.

ಇಟಲಿಯ ಮಿಲಾನ್ ಇದನ್ನು ಇನ್ನೂ ಚೊಕ್ಕವಾಗಿ ತೋರಿಸುತ್ತದೆ. 2019ರ ಫೆಬ್ರುವರಿಯಲ್ಲಿ ‘ಏರಿಯಾ ಬಿ’ ಎಂದು ಹಳೇ ಡೀಸೆಲ್ ಗಾಡಿಗಳಿಗೆ ನಗರ ಪ್ರವೇಶ ನಿರ್ಬಂಧಿಸಿದರು. ಸಂಶೋಧಕರು ನಿಷೇಧಕ್ಕೆ ಸಿಕ್ಕ ಯೂರೊ-4 ಡೀಸೆಲ್ ಕಾರಿನವರನ್ನು, ಅಂಥದ್ದೇ ಕಾರಿದ್ದೂ ಪಾರಾದವರ ಜೊತೆ ಹೋಲಿಸಿದರು. ಸಿಕ್ಕಿಬಿದ್ದವರು ಅದೇ ವರ್ಷದ ಯುರೋಪಿಯನ್ ಚುನಾವಣೆಯಲ್ಲಿ ನಿರ್ಬಂಧವನ್ನು ವಿರೋಧಿಸಿದ್ದ ‘ಲೇಗಾ’ ಪಕ್ಷಕ್ಕೆ ಓಟು ಹಾಕಿದ ಪ್ರಮಾಣ 13.5 ಶೇಕಡಾ ಅಂಶ ಹೆಚ್ಚು. ನಗರಾಡಳಿತದಿಂದ ಪರಿಹಾರ ಪಡೆದವರಲ್ಲಿ ಈ ಪಲ್ಲಟ ಕಾಣಲಿಲ್ಲ. ಈ ಕೊನೆಯ ವಾಕ್ಯವನ್ನು ತಾವು ಇನ್ನೊಮ್ಮೆ ಓದಬೇಕಾಗಿ ವಿನಂತಿ.

ಜನ ಹೆಚ್ಚಿಗೆ ಬಂದದ್ದು ನೇರವಾಗಿ ಕೇಳಿದಾಗ. ವಾಹನ ದಟ್ಟಣೆ ಶುಲ್ಕ ಬೇಕೋ ಬೇಡವೋ ಎಂದು 2005ರಲ್ಲಿ ಎಡಿನ್‌ಬರೊ ಕೇಳಿತು: ಶೇ 61.7 ಮತದಾನ, ನಾಲ್ವರಲ್ಲಿ ಮೂವರು ಬೇಡ ಎಂದರು. 2008ರಲ್ಲಿ ಮ್ಯಾಂಚೆಸ್ಟರ್ ಕೇಳಿತು: ಶೇ 53.2. ಎರಡೂ ಕಡೆ ಮತಪತ್ರ ಅಂಚೆಯಲ್ಲಿ ಮನೆಗೇ ಬಂದಿತ್ತು, ಅದೂ ಒಂದು ಕಾರಣ. ಆದರೂ ಕೇಳಿದ್ದು ಸ್ಪಷ್ಟವಿತ್ತು, ಉತ್ತರದಿಂದ ಏನಾಗುತ್ತದೆ ಎಂಬುದೂ ಸ್ಪಷ್ಟವಿತ್ತು.

ನಮ್ಮಲ್ಲಿ? ಓಟು ಕೇಳಲು ಬಂದ ಅಭ್ಯರ್ಥಿಗೆ ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಕೇಳುವ ಪ್ರಶ್ನೆ: ‘ಗಾಡಿ ಟ್ಯಾಕ್ಸ್ ಏನರ ಕಡಿಮಿ ಮಾಡಸ್ತೀರೇನ್ರಿ?’ ಉತ್ತರ: ‘ಅದು ನಮ್ಮ ಕೈಯಾಗ ಇಲ್ಲರಿ ಯಜಮಾನ್ರ, ಅದು ಬೆಂಗಳೂರಂದು.’ ಬೆಂಗಳೂರಿನಲ್ಲಿ ಕೇಳಿದರೆ ‘ದರ ದೆಹಲಿಯದು’. ಅಭ್ಯರ್ಥಿ ಸುಳ್ಳು ಹೇಳುತ್ತಿಲ್ಲ, ಅದೇ ತೊಂದರೆ. ಕೈಯಲ್ಲಿ ಏನೂ ಇಲ್ಲದವನನ್ನು ಆರಿಸಲು ಒಂದು ದಿನದ ಬಾಡಿಗೆ ಬಿಟ್ಟು ಸಾಲಿನಲ್ಲಿ ನಿಲ್ಲಬೇಕೇ ಎಂದು ಆಟೊದವನು ಕೇಳಿದರೆ, ತಮ್ಮ ರಂಗೋಲಿಯಲ್ಲಿ ಅದಕ್ಕೆ ಉತ್ತರವಿಲ್ಲ. ನೌಕರದಾರರಿಗೆ ಆ ದಿನ ಸಂಬಳದ ರಜೆ, ಆಟೊ ಮೀಟರಿಗೆ ರಜೆ ಎಂಬುದಿಲ್ಲ.

ಇನ್ನು ಹಿಂದಿನ ಸಲ ಏನಾಯಿತು ಎಂಬುದನ್ನು ಬರೆಯದಿದ್ದರೆ ಈ ಪತ್ರ ಬರೆದೂ ದಂಡ. ಹಳೇ ಪಾಲಿಕೆಯ ಅವಧಿ ಮುಗಿದದ್ದು 2019ರಲ್ಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ ಸಂವಿಧಾನದ 243-ಯು ವಿಧಿ, ತಮಗೆ ಗೊತ್ತಿಲ್ಲದ್ದೇನಲ್ಲ. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3, ಶುಕ್ರವಾರ. ಅಷ್ಟರಲ್ಲಿ 67 ವಾರ್ಡುಗಳು 82 ಆಗಿದ್ದವು, ಎಷ್ಟೋ ಓಣಿಗಳ ವಾರ್ಡ್ ನಂಬರ್ ಬದಲಾಗಿತ್ತು, ಕೊರೊನಾ ಭಯ ಇನ್ನೂ ಇತ್ತು. ಆದರೂ ಶೇ 53.81 ಜನ ಬಂದು ಓಟು ಹಾಕಿದರು. ಸೆಪ್ಟೆಂಬರ್ 6ಕ್ಕೆ ಫಲಿತಾಂಶವೂ ಬಂತು. ಆಮೇಲೆ? ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಎಂಟು ತಿಂಗಳಿಗೂ ಹೆಚ್ಚು ಕಾಲ 82 ಜನ ಗೆದ್ದವರು ಪ್ರಮಾಣವಚನವಿಲ್ಲದೆ, ಸಭೆಯಿಲ್ಲದೆ ಕೂತರು. ಅವರಿಗೆ ಫೋನ್ ಮಾಡಿ ಗಟಾರ ತುಂಬಿದೆ ಎಂದರೆ, ‘ನಾವಿನ್ನೂ ಅಧಿಕೃತ ಅಲ್ಲರಿ’ ಎಂಬ ಉತ್ತರ. ಬೈಕಿನವನು ಆರ್‌ಸಿ ಎಂಟು ತಿಂಗಳು ತಡ ಮಾಡಿದ್ದರೆ 2,400 ರೂಪಾಯಿ ದಂಡ. ಪಾಲಿಕೆಯನ್ನು ಎರಡು ವರ್ಷ ಖಾಲಿ ಇಟ್ಟು, ಗೆದ್ದವರನ್ನು ಎಂಟು ತಿಂಗಳು ಹೊರಗೆ ನಿಲ್ಲಿಸಿದ್ದಕ್ಕೆ ದಂಡ ಎಷ್ಟು, ಯಾರಿಗೆ, ಯಾವ ನಮೂನೆಯಲ್ಲಿ ಕಟ್ಟಬೇಕು? ಆಗ ಯಾರ ಸರ್ಕಾರವಿತ್ತು, ಈಗ ಯಾರದಿದೆ ಎಂಬ ಜಗಳ ನಮಗೆ ಬೇಡ. ಮತಗಟ್ಟೆಗೆ ಬಾರದ 100ಕ್ಕೆ 46 ಜನ ಹಸಿರು ತೆರಿಗೆಯ ಸಿಟ್ಟಿಗೆ ಬರಲಿಲ್ಲ ಎಂದೂ ನಾವು ಹೇಳುವುದಿಲ್ಲ. ಬಂದ 54 ಜನರಿಗೆ ಸಿಕ್ಕಿದ್ದೇನು ಎಂದಷ್ಟೇ ಕೇಳುತ್ತೇವೆ.

ಹಾಗಾಗಿ ಮತ್ತೆ ಅದೇ ಬೇಡಿಕೆ. ರಾಜ್ಯ ವಸೂಲು ಮಾಡಿದ ತೆರಿಗೆಯನ್ನು ನಗರಸಂಸ್ಥೆಗೆ ವಹಿಸಿಕೊಡಲು 243-ಎಕ್ಸ್ ವಿಧಿಯಲ್ಲಿ ದಾರಿ ಇದೆ. ಪರಿಸರ ರಕ್ಷಣೆ 12ನೇ ಅನುಸೂಚಿಯ ಎಂಟನೇ ಬಾಬ್ತು, ಅಂದರೆ ಪಾಲಿಕೆಯ ಕೆಲಸ. ಕೆಲಸ ಪಾಲಿಕೆಗೆ, ರೊಕ್ಕ ಖಜಾನೆಗೆ ಎಂಬ ಹಂಚಿಕೆ ಸಾಕು. ಹುಬ್ಬಳ್ಳಿ, ಧಾರವಾಡದ ಆರ್‌ಟಿಒ ಕಚೇರಿಗಳಲ್ಲಿ ಬಂದ ಹಸಿರು ತೆರಿಗೆ ಪಾಲಿಕೆಯಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆಗೆ ಬರಲಿ. ಅದು ಮೂರು ಕೆಲಸಕ್ಕೆ ಮಾತ್ರ ಖರ್ಚಾಗಲಿ: ಅಗೆದ ರಸ್ತೆ ಮುಚ್ಚಿ ಡಾಂಬರು ಹಾಕುವುದು, ಧೂಳು ಹೀರುವ ಯಂತ್ರಗಳ ಓಡಾಟ, ಹಳೇ ಆಟೊ ಬಿಟ್ಟು ಹೊಸದಕ್ಕೆ ಹೋಗುವವರಿಗೆ ಸಹಾಯಧನ. ಮಿಲಾನಿನ ಕೊನೆಯ ವಾಕ್ಯ ನೆನಪಿರಲಿ. ತಪಾಸಣೆಯಲ್ಲಿ ಮಿತಿಯ ಅರ್ಧಕ್ಕಿಂತ ಕೆಳಗೆ ಅಂಕಿ ಬಂದ ಹಳೇ ಗಾಡಿಗೆ ಹಸಿರು ತೆರಿಗೆಯಲ್ಲಿ ರಿಯಾಯಿತಿ ಕೊಡಿರಿ, ಅಂಕಿ ಹೇಗೂ ಸರ್ವರಿನಲ್ಲಿ ಕೂತಿರುತ್ತದೆ. 250 ರೂಪಾಯಿಯಲ್ಲಿ ರಿಯಾಯಿತಿ ಎಷ್ಟಾದೀತು ಎಂದು ನಗಬೇಡಿರಿ. ಏರ್ ಫಿಲ್ಟರ್ ಬದಲಿಸಲು ಅದೊಂದು ನೆಪವಾಗುತ್ತದೆ.

ಲೆಕ್ಕ ವಾರ್ಡ್‌ವಾರು ಕೊಡುವುದು ಕಷ್ಟ ಎಂದು ಅಧಿಕಾರಿಗಳು ತಮಗೆ ಹೇಳುತ್ತಾರೆ, ಅದರಲ್ಲಿ ಅರ್ಧ ಸತ್ಯವಿದೆ. ವಾಹನ ದಾಖಲೆಯಲ್ಲಿರುವುದು ವಿಳಾಸ ಮತ್ತು ಪಿನ್ ಕೋಡ್, ಪಿನ್ ಕೋಡಿನ ಗಡಿಗೂ ವಾರ್ಡಿನ ಗಡಿಗೂ ತಾಳೆಯಿಲ್ಲ. ಆದ್ದರಿಂದ ವಸೂಲಿಯನ್ನು ಪಿನ್ ಕೋಡ್‌ವಾರು, ಖರ್ಚನ್ನು ವಾರ್ಡ್‌ವಾರು ಕೊಟ್ಟರೂ ಸಾಕು. ಖರ್ಚಿನ ಬಿಲ್ಲಿನಲ್ಲಿ ವಾರ್ಡ್ ನಂಬರ್ ಹೇಗೂ ಬರೆದಿರುತ್ತದೆ. ಮತದಾನದ ಪ್ರಮಾಣವನ್ನು ಮತಗಟ್ಟೆವಾರು ಅದರ ಪಕ್ಕದಲ್ಲಿ ಹಾಕಿದರೆ, ಎಲ್ಲಿ ಕೆಲಸವಾಗಿದೆ, ಎಲ್ಲಿ ಜನ ಬಂದಿದ್ದಾರೆ ಎಂದು ಮುಂದಿನ ಸಲ ಯಾರು ಬೇಕಾದರೂ ನೋಡಬಹುದು.

ಈಗಿನ ಪಾಲಿಕೆಯ ಐದು ವರ್ಷ 2027ರ ಮೇ ಹೊತ್ತಿಗೆ ಮುಗಿಯುತ್ತದೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡುವ ಸಂಪುಟದ ತೀರ್ಮಾನವೂ ಇದೆ. ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಮತ್ತೆ ವರ್ಷಗಟ್ಟಲೆ ಎಳೆಯುವ ಸಾಮಾನು ಈಗಾಗಲೇ ಸಿದ್ಧವಾಗಿದೆ. ಎಳೆಯಬೇಡಿರಿ. ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಲಿ, ಗೆದ್ದವರು ತಿಂಗಳೊಳಗೆ ಸಭೆ ಸೇರಲಿ, ಹಸಿರು ತೆರಿಗೆಯ ಪಾಲು ಅಷ್ಟರಲ್ಲಿ ಪಾಲಿಕೆಗೆ ಬಂದಿರಲಿ, ಲೆಕ್ಕ ಅಧಿಸೂಚನೆಗೆ ಮೊದಲೇ ಹೊರಬರಲಿ. ಅಧಿಸೂಚನೆ ಬಿದ್ದ ಮೇಲೆ ನೀತಿಸಂಹಿತೆ ಎಂದು ಕೈ ಎತ್ತಿಬಿಡುತ್ತೀರಿ, ಅದೂ ನಮಗೆ ಗೊತ್ತು.

ಲೆಕ್ಕದ ಪ್ರತಿಯನ್ನು ಪ್ರತಿ ವಲಯ ಕಚೇರಿಯ ಗೋಡೆಗೆ ಹಚ್ಚಿಸಿರಿ. ಅಂಟಿಸುವ ಗೋಂದಿಗೆ ಅನುದಾನ ಇಲ್ಲವೆಂದರೆ ಹೇಳಿ ಕಳಿಸಿರಿ, ನಾವೇ ತರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಹುಬ್ಬಳ್ಳಿ-ಧಾರವಾಡದ ಕೆಲವು ಗ್ಯಾರೇಜಿನವರು, ಆಟೊ ಚಾಲಕರು ಮತ್ತು ಮತದಾರರು